ಐದನೇ ಬೆಂಚಿನ ಸರಿತಾಳಿಗೆ ಒಂದನೇ ಹಂತದ ತರಬೇತಿ

ಎತ್ತರ ನೋಡಿ ಮಕ್ಕಳನ್ನು ಕೂರಿಸಬೇಕೆಂಬ ನಿಯಮ ತೆಲಂಗಾಣದ ಮಕ್ತಲ್ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. ಗಿಡ್ಡವರಿಗೆ ಒಂದನೇ ಬೆಂಚು, ಉದ್ದದವರಿಗೆ ಐದನೆಯದು. ಐದನೇ ತರಗತಿಯ ಸರಿತಾ ಎಲ್ಲರಿಗಿಂತ ಎತ್ತರ. ಐದನೇ ಬೆಂಚಿನಿಂದ ಅವಳಿಗೆ ಕರಿಹಲಗೆ ಕಾಣುತ್ತಿತ್ತು, ಅದರ ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. ಕಣ್ಣಿನ ಶಿಬಿರದವರು ಕನ್ನಡಕ ಬರೆದುಕೊಟ್ಟು ಎರಡು ವರ್ಷವಾಗಿತ್ತು. ಕನ್ನಡಕ ಮಂಜೂರಾಗಿ ದಾರಿಯಲ್ಲಿತ್ತು.

ಶಾಲೆಗೆ ಇದ್ದೊಬ್ಬ ಶಿಕ್ಷಕಿ ಗುರುಲಿಂಗಮ್ಮನವರು ಒಂದು ದಿನ ಹಿಂದುಮುಂದು ನೋಡದೆ ಅವಳನ್ನು ಒಂದನೇ ಬೆಂಚಿಗೆ ಕರೆದು ಕೂರಿಸಿಬಿಟ್ಟರು. ಹುಡುಗಿ ಅವತ್ತೇ ಹಲಗೆಯ ಮೇಲಿನ ನಾಲ್ಕು ಪದ ಓದಿದಳು. ಅಪರಾಧ ನಡೆದದ್ದು ಹೀಗೆ.

ನಾರಾಯಣಪೇಟೆಯಿಂದ ತಪಾಸಣೆಗೆ ಬಂದ ವೈವಿಧ್ಯಮಯ ಅಗತ್ಯಗಳ ತರಬೇತಿ ಕೋಶದ ಅಧಿಕಾರಿ ನರೇಂದ್ರ ಅವರು, ಮುಂದಿನ ಬೆಂಚಿನಲ್ಲಿ ಉದ್ದನೆಯ ಹುಡುಗಿಯನ್ನು ಕಂಡು ಗಾಬರಿಯಾದರು. ಮೂರೇ ದಿನದಲ್ಲಿ ತಾಕೀದು ಬಂತು: ‘ತರಬೇತಿ ಪಡೆಯದೆ ಮಗುವಿನ ಅಗತ್ಯವನ್ನು ಗುರುತಿಸುವುದು, ಗುರುತಿಸಿ ನೆರವಾಗುವುದು ಮತ್ತು ಸದರಿ ನೆರವಿನಿಂದ ಮಗುವಿಗೆ ಪ್ರಯೋಜನವಾಗುವುದು ನಿಯಮಬಾಹಿರ. ಮಗುವನ್ನು ಕೂಡಲೇ ಪೂರ್ವಸ್ಥಿತಿಗೆ ತರತಕ್ಕದ್ದು.’ ಸರಿತಾ ಪೂರ್ವಸ್ಥಿತಿಗೆ ಹೋಗಿ ಕೂತಳು.

ಸರಿತಾಳ ತಾಯಿ ಜಮ್ಮುಲಮ್ಮ ಸೀರೆ ನೇಯುವ ಹೆಂಗಸು. ದಸರೆಯೊಳಗೆ ಮಗಳಿಗೆ ಓದು ಬರದಿದ್ದರೆ ಶಾಲೆ ಬಿಡಿಸಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂರಿಸುವುದಾಗಿ ಹೇಳಿ ಹೋಗಿದ್ದಳು. ಆ ಕೆಲಸಕ್ಕೆ ಕಣ್ಣು ಅಷ್ಟಾಗಿ ಬೇಕಿಲ್ಲ, ಬೆರಳು ಸಾಕು.

ಹೀಗಾಗಿ ಗುರುಲಿಂಗಮ್ಮನವರು ಶಾಲೆಗೆ ಬೀಗ ಹಾಕಿ ಗದ್ವಾಲಕ್ಕೆ ಐದು ದಿನದ ತರಬೇತಿಗೆ ಹೋದರು. ಅಲ್ಲಿಯೂ ಎತ್ತರದ ಪ್ರಕಾರವೇ ಕೂರಿಸಿದ್ದರಿಂದ ಅವರಿಗೆ ಕೊನೆಯ ಸಾಲು ಸಿಕ್ಕಿತು. ಪರದೆಯ ಮೇಲಿನ ಅಕ್ಷರ ಕಾಣುತ್ತಿಲ್ಲವೆಂದು ಎದ್ದು ನಿಂತು ಹೇಳಿದರು. ಶಿಬಿರಾರ್ಥಿಗಳ ಅಗತ್ಯಕ್ಕೆ ಸ್ಪಂದಿಸುವ ತರಬೇತಿ ತಮಗೆ ಮುಂದಿನ ತಿಂಗಳು ಹೈದರಾಬಾದಿನಲ್ಲಿದೆ, ಅಲ್ಲಿಯವರೆಗೆ ಈ ದೂರು ತಮಗೆ ಕೇಳಿಸುವಂತಿಲ್ಲ ಎಂದು ತರಬೇತುದಾರರು ಬಹಳ ವಿನಯದಿಂದ ತಿಳಿಸಿದರು.

ಒಂದನೇ ಹಂತ ಮುಗಿಸಿದವರು ಒಂದು ಮಗುವನ್ನು ಒಂದು ಬೆಂಚಿನಷ್ಟು ಮುಂದೆ ತರಬಹುದಿತ್ತು. ಹಂತಗಳು ಒಟ್ಟು ನಾಲ್ಕು, ವರ್ಷಕ್ಕೊಂದು. ಬಸ್ಸಿನಲ್ಲಿ ಗುರುಲಿಂಗಮ್ಮನವರು ಬೆರಳೆಣಿಸಿ ನೋಡಿದರು. ಸರಿತಾ ಒಂದನೇ ಬೆಂಚು ಮುಟ್ಟುವುದು ಎಂಟನೇ ತರಗತಿಯಲ್ಲಿ. ಶಾಲೆ ಇದ್ದದ್ದು ಐದನೆಯವರೆಗೆ. ಆದರೂ ಮರುದಿನ ಅವಳನ್ನು ವಿಧಿಪೂರ್ವಕವಾಗಿ ನಾಲ್ಕನೇ ಬೆಂಚಿಗೆ ತಂದರು. ಹಲಗೆ ತುಸು ದೊಡ್ಡದಾಗಿ ಕಂಡಿತು, ಅಕ್ಷರ ಮಾತ್ರ ಕಾಣಲಿಲ್ಲ.

ಶಾಲೆಗೆ ಬೀಗ ಬಿದ್ದದ್ದು ಕಂಡು ದಸರೆಗೆ ಮೊದಲೇ ಮಗಳನ್ನು ಬಿಡಿಸಿಕೊಂಡು ಹೋಗಲು ಬಂದ ಜಮ್ಮುಲಮ್ಮ, ಗುರುಲಿಂಗಮ್ಮನವರು ಹೇಳಿದ ಇದೆಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವರ ಮನೆಯಲ್ಲಿರುವುದು ಕುಣಿಮಗ್ಗ. ನೇಯುವವರು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗಕ್ಕೆ ಮುಖ ಹಚ್ಚಿ ಕೂರುತ್ತಾರೆ.

“ಟೀಚರಮ್ಮ, ಕಲಿಯಾಕ ಬಂದೋರನ್ನ ನಾವು ದೂರ ಕುಂದ್ರಸಾಂಗಿಲ್ರಿ” ಎಂದಳು. “ಕಣ್ಣು ಮಂದ ಇದ್ದಾಕಿನ್ನ ಎಲ್ಲಾರಕಿಂತ ಮೊದಲು ಕುಣ್ಯಾಗ ಇಳಸ್ತೀವಿ. ದಾರ ಮೂಗಿಗೆ ಬಂದ್ರ ತಾನಾ ಕಾಣತೈತಿ.”

ಗುರುಲಿಂಗಮ್ಮನವರು ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಿದರು. ಇದ್ದಬದ್ದ ನಿಷೇಧವೆಲ್ಲ ಬೆಂಚಿನ ಬಗ್ಗೆಯೇ ಇತ್ತು. ನಿಲ್ಲಬಾರದೆಂದು ಎಲ್ಲೂ ಬರೆದಿರಲಿಲ್ಲ. ದಸರೆಯವರೆಗೆ ತಡೆಯುವಂತೆ ಜಮ್ಮುಲಮ್ಮನನ್ನು ಒಪ್ಪಿಸಿ ಕಳಿಸಿದರು. ಮರುದಿನದಿಂದ ಸರಿತಾ ಸುಣ್ಣದ ಕಡ್ಡಿ ಹಿಡಿದು ಹಲಗೆಗೆ ಮೂಗು ತಾಗಿಸಿ ನಿಂತಳು. ಗುರುಲಿಂಗಮ್ಮನವರು ನಾಲ್ಕನೇ ಬೆಂಚಿನಲ್ಲಿ ಖಾಲಿಯಾದ ಜಾಗದಲ್ಲಿ ಕೂತು ಪುಸ್ತಕ ನೋಡಿ ಹೇಳಿದರು. ಅವಳು ಬರೆದಳು, ಬರೆದದ್ದನ್ನು ಓದಿದಳು, ಮಕ್ಕಳೆಲ್ಲ ಅವಳು ಓದಿದ್ದನ್ನೇ ಹಿಂದಿನಿಂದ ಒದರಿದರು. ತಿಂಗಳೊಳಗೆ ಸರಿತಾ ಸಿಕ್ಕಿದ್ದನ್ನೆಲ್ಲ ಓದತೊಡಗಿದಳು, ಸಿಮೆಂಟ್ ಚೀಲವನ್ನೂ ಬಿಡಲಿಲ್ಲ. ಗುರುಲಿಂಗಮ್ಮನವರಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿಯಾಯಿತು.

ಆಗ ನರೇಂದ್ರ ಅವರು ಮತ್ತೆ ತಪಾಸಣೆಗೆ ಬಂದರು. ಬಾಗಿಲಲ್ಲೇ ನಿಂತು ನಿಯಮ ಹದಿನೇಳನ್ನು ಓದಿದರು: ‘ಶಾಲಾ ವೇಳೆಯಲ್ಲಿ ಸುಣ್ಣದ ಕಡ್ಡಿ ಹಿಡಿದು ಕರಿಹಲಗೆಯ ಮುಂದೆ ನಿಂತವರನ್ನು ಶಿಕ್ಷಕರೆಂದೂ ಬೆಂಚಿನ ಮೇಲೆ ಕುಳಿತವರನ್ನು ವಿದ್ಯಾರ್ಥಿಗಳೆಂದೂ ಭಾವಿಸತಕ್ಕದ್ದು.’ ಓದಿ ಮುಗಿಸಿ ನಿಟ್ಟುಸಿರು ಬಿಟ್ಟರು.

“ತರಬೇತಿ ಇಲ್ದ ಟೀಚರ್ ಇನ್ನೊಬ್ಬಾಕಿ ಸಿಕ್ಕಳಲ್ರಿ.”

“ಸರ್, ಆಕಿಗೆ ಹತ್ತು ವರ್ಷ” ಎಂದರು ನಾಲ್ಕನೇ ಬೆಂಚಿನ ಗುರುಲಿಂಗಮ್ಮನವರು.

“ನಿಯಮದಾಗ ತರಬೇತಿಗೆ ಮ್ಯಾಲಿನ ವಯಸ್ಸು ಬರದೈತಿ. ಕೆಳಗಿಂದು ಬರದಿಲ್ಲ” ಎಂದು ನರೇಂದ್ರ ಅವರು ಸರಿತಾಳ ಹೆಸರನ್ನು ಗದ್ವಾಲದ ಪಟ್ಟಿಗೆ ಸೇರಿಸಿದರು. ಗುರುಲಿಂಗಮ್ಮನವರ ಹೆಸರನ್ನು ಮಕ್ಕಳ ಹಾಜರಿಯ ಕೊನೆಗೆ ಬರೆದುಕೊಂಡರು. ಮಧ್ಯಾಹ್ನದ ಊಟಕ್ಕೂ ಲೆಕ್ಕ ಹಿಡಿದರು.

ತಾಯಿಯ ಜೊತೆ ಗದ್ವಾಲಕ್ಕೆ ಹೋದ ಸರಿತಾಳನ್ನು ಅಲ್ಲಿ ನಿಯಮದಂತೆ ಎತ್ತರ ನೋಡಿ ಕೂರಿಸಿದರು. ಅರವತ್ತು ಶಿಕ್ಷಕರಲ್ಲಿ ಅವಳೇ ಗಿಡ್ಡ. ಮೊದಲ ಸಾಲಿನ ಮೊದಲ ಕುರ್ಚಿ ಅವಳದಾಯಿತು. ಪರದೆ ಮೊಳದಷ್ಟು ದೂರದಲ್ಲಿತ್ತು. ಐದೂ ದಿನ ಅವಳು ಅದನ್ನು ಗಟ್ಟಿಯಾಗಿ ಓದಿದಳು. ಕಾಣದೆ ಕೂತಿದ್ದ ಹಿಂದಿನ ಸಾಲಿನ ಶಿಕ್ಷಕರು ಕೇಳಿ ಬರೆದುಕೊಂಡರು. ಶಿಬಿರಾರ್ಥಿಗಳ ವೈವಿಧ್ಯಮಯ ಅಗತ್ಯಗಳು ಮೊಟ್ಟಮೊದಲ ಬಾರಿಗೆ ಈಡೇರಿವೆ ಎಂದು ವರದಿ ಹೋಯಿತು. ಜಮ್ಮುಲಮ್ಮ ಊರಿಗೆ ಬಂದವಳೇ ಕಂಡಿಕೆ ಸುತ್ತಲು ಬೇರೆಯವರನ್ನು ಗೊತ್ತು ಮಾಡಿದಳು.

ಸೋಮವಾರ ಸರಿತಾ ಪ್ರಮಾಣಪತ್ರ ಹಿಡಿದು ಶಾಲೆಗೆ ಬಂದಳು. ನಾಲ್ಕನೇ ಬೆಂಚಿನಲ್ಲಿ ನಲವತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬರು ಹಲಗೆ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದುದನ್ನು ಗಮನಿಸಿದಳು. ಗಮನಿಸುವ ಅಧಿಕಾರ ಈಗ ಅವಳಿಗಿತ್ತು. ಅವರ ಕೈಹಿಡಿದು ಕರೆದುಕೊಂಡು ಹೋಗಿ ಮೂರನೇ ಬೆಂಚಿನಲ್ಲಿ ಕೂರಿಸಿದಳು. ಅವತ್ತೂ ತಪಾಸಣೆಗೆ ಬಂದಿದ್ದ ನರೇಂದ್ರ ಅವರು ಸಾಕ್ಷಿ ಸಹಿ ಹಾಕಿದರು.

ಗುರುಲಿಂಗಮ್ಮನವರು ಕೈಕಟ್ಟಿ ಕೂತು ಹಲಗೆಯನ್ನು ಒಮ್ಮೆ ಪೂರ್ತಿ ನೋಡಿದರು.

“ಈಗ ಚಲೋ ಕಾಣತೈತ್ರಿ, ಟೀಚರಮ್ಮ” ಎಂದರು.