ಕಂಬಳಿಯೊಳಗಿನ ಮುತ್ತು

ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದರಲ್ಲಿ ನಾನು ನಿಪುಣ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಬ್ರಹ್ಮಪುರದ ನಮ್ಮ ಮನೆಯ ಕಪಾಟಿನಲ್ಲಿವೆ. ಅವ್ವ ಅವುಗಳಲ್ಲಿ ಸೇಫ್ಟಿ ಪಿನ್ನು ಇಡುತ್ತಾಳೆ. ಹೀಗಾಗಿ ಅಕ್ಕನ ಮದುವೆಯ ಮಾತು ಮುಗಿಸಲು ಕಮಲಾಪುರದ ಗಂಡಿನ ಮನೆಗೆ ಹೊರಟಾಗ, ನನ್ನಂಥವನು ಜೊತೆಗಿರುವುದು ನಮ್ಮ ಪಕ್ಷದ ಭಾಗ್ಯವೆಂದೇ ನಂಬಿದ್ದೆ. ಅಕ್ಕ ನಂಬಿರಲಿಲ್ಲ. ಹುಡುಗ ಅವಳ ಮನಸ್ಸಿಗೆ ಬಂದಿದ್ದ.

“ಅಲ್ಲಿ ಬಾಯಿ ತೆರಿಬ್ಯಾಡ. ತಿನ್ನಲಿಕ್ಕಷ್ಟೇ ತೆರಿ,” ಎಂದು ಬಸ್ಸಿನಲ್ಲೇ ಎಚ್ಚರಿಸಿದಳು.

ತಿನ್ನಲು ಮಿರ್ಚಿ ಭಜಿ, ಹೆಚ್ಚಿದ ಉಳ್ಳಾಗಡ್ಡಿ, ಕೆಂಪು ಬಾಳೆಹಣ್ಣು ಬಂದವು. ಹಿಂದೆಯೇ ಹುಡುಗನ ತಾಯಿ ಗುರುಬಾಯಿ ಮುತ್ತಿನ ಸರ ಹಿಡಿದು ಬಂದರು. ತಮ್ಮ ಅತ್ತೆ ಹೈದರಾಬಾದಿನಿಂದ ತಂದ ಖರೇ ಮುತ್ತು, ಬರುವ ಸೊಸೆಗೆಂದೇ ಇಟ್ಟಿದ್ದು ಎಂದರು. ಅವ್ವನ ಕಣ್ಣು ತುಂಬಿತು. ನಾನು ಮಾತ್ರ ಮುತ್ತು ನೋಡಿದೆ. ಎಲ್ಲವೂ ಅಚ್ಚಿಗೆ ಹಾಕಿದಂತೆ ದುಂಡಗೆ, ಒಂದೇ ಅಳತೆ. ಸಮುದ್ರಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು?

ಬಾಯಿ ತೆರೆದೆ. ತಿನ್ನಲಿಕ್ಕಲ್ಲ!

ತಾನಾಗಿ ಹುಟ್ಟಿದ ಮುತ್ತು ಉಳ್ಳಾಗಡ್ಡಿಯಂತೆ, ನಡುವಿನವರೆಗೂ ಪದರದ ಮೇಲೆ ಪದರ ಎಂದು ವಿವರಿಸಿದೆ. ಬೆಳೆಸಿದ ಮುತ್ತಿನಲ್ಲಿ ಹಾಗಲ್ಲ. ಮನುಷ್ಯರೇ ಚಿಪ್ಪಿನ ಗುಂಡೊಂದನ್ನು ಸಿಂಪಿಯೊಳಗೆ ಇಡುತ್ತಾರೆ. ಸಿಂಪಿ ಅದರ ಮೇಲೆ ತೆಳ್ಳಗೆ ಹೊಳಪಿನ ಪದರ ಹಚ್ಚುತ್ತದೆ. ಅಂದರೆ ಭಜಿ. ಮೇಲೆ ಹಿಟ್ಟು, ಒಳಗೆ ಮೆಣಸಿನಕಾಯಿ. ಸಭಿಕರ ಅನುಕೂಲಕ್ಕಾಗಿ ಒಂದು ಭಜಿ ಮುರಿದೂ ತೋರಿಸಿದೆ.

“ಅಂದ್ರ ನಮ್ಮ ಅತ್ತಿ ಸುಳ್ಳು ಹೇಳ್ಯಾಳ ಅಂತೀ?” ಎಂದರು ಗುರುಬಾಯಿ.

ಅಪ್ಪ ನನ್ನ ತೊಡೆ ಚಿವುಟಿದರು. ಅಕ್ಕ ಬಾಗಿಲ ಮರೆಯಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ. ನಾನಾದರೋ, ಅವರು ಸಾಕ್ಷ್ಯ ಕೇಳುತ್ತಿದ್ದಾರೆಂದು ತಿಳಿದೆ!

ಬೆಳಕು ಹಾಯಿಸಿ ನೋಡಬೇಕು, ಅದಕ್ಕೆ ಕತ್ತಲು ಬೇಕು. ಹೊರಗೆ ಕಮಲಾಪುರದ ಮಧ್ಯಾಹ್ನ. ಕಂಬಳಿ ತರಿಸಿದೆ. ಹೋಲಿಕೆಗೆ ಅಸಲಿ ಮುತ್ತೂ ಬೇಕಲ್ಲ? ಅವ್ವನ ಕೊರಳ ಸರವನ್ನೇ ಬಿಚ್ಚಿಸಿಕೊಂಡೆ. ಮದುವೆಯ ಹೊಸತರಲ್ಲಿ ಅಪ್ಪ ತಂದುಕೊಟ್ಟ ಅಪ್ಪಟ ಸಮುದ್ರದ ಮುತ್ತು ಅದು; ಆ ಕಥೆ ಕೇಳಿಯೇ ನಾವಿಬ್ಬರೂ ದೊಡ್ಡವರಾದದ್ದು. “ಅದೊಂದು ಬಿಡಪ್ಪಾ,” ಎಂದು ಅಪ್ಪ ಕ್ಷೀಣವಾಗಿ ಅಂದರು. ವಿನಯ ಎಂದುಕೊಂಡೆ.

ಒಂದೇ ಕಂಬಳಿಯೊಳಗೆ ನಾನು, ಗುರುಬಾಯಿ ಮತ್ತು ಮೊಬೈಲ್ ಟಾರ್ಚ್. ಅವರ ಮುತ್ತನ್ನು ತಿರುಗಿಸಿದಂತೆ ಒಳಗಿನ ಗುಂಡಿನ ಪಟ್ಟೆಗಳು ಕಂಡವು. ನನ್ನ ವಾದ ಗೆದ್ದಿತ್ತು! ಆಮೇಲೆ ನಮ್ಮದಕ್ಕೆ ಬೆಳಕು ಹಿಡಿದೆ. ಉಳ್ಳಾಗಡ್ಡಿಯೂ ಇಲ್ಲ, ಭಜಿಯೂ ಇಲ್ಲ. ತೂತಿನ ಅಂಚಿನಲ್ಲಿ ಬಣ್ಣ ಸಿಪ್ಪೆಯೆದ್ದಿತ್ತು. ಒಳಗೆ ಪ್ಲಾಸ್ಟಿಕ್.

ಗುರುಬಾಯಿ ಕಂಬಳಿ ಸರಿಸಿದರು.

“ನಮ್ಮದು ಭಜಿ ಅಂದಿ. ಆಯ್ತು, ಸಿಂಪಿ ಹೊಟ್ಟ್ಯಾಗಿಂದೇ ಬಂದದ. ನಿಮ್ಮದು ಬರೇ ಹಿಟ್ಟು ಅದಲ್ಲೋ ತಮ್ಮಾ!”

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಬಾಳೆಹಣ್ಣನ್ನು ಜೀವನದಲ್ಲಿ ಮೊದಲ ಸಲ ಕಂಡವರಂತೆ ನೋಡತೊಡಗಿದರು. ಗುರುಬಾಯಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಕ್ಕನನ್ನು ಕರೆದು ತಮ್ಮ ಸರ ಅವಳ ಕೊರಳಿಗೆ ಹಾಕಿ, “ಹುಡುಗಿ ಪಸಂದ್ ಅದಾಳ. ಆಕಿ ತಮ್ಮನ್ನ ಮಾತ್ರ ನೀವೇ ಇಟ್ಟುಕೊಳ್ರಿ,” ಎಂದರು.

ಮದುವೆ ಆಯಿತು. ಅವ್ವ ಈಗಲೂ ಅಪ್ಪನ ಯಾವ ಮಾತನ್ನೂ ಟಾರ್ಚ್ ಹಿಡಿಯದೆ ನಂಬುವುದಿಲ್ಲ. ನಾನು ಕಮಲಾಪುರಕ್ಕೆ ಹೋದಾಗಲೆಲ್ಲ ಗುರುಬಾಯಿ ತಟ್ಟೆಯಲ್ಲಿ ಭಜಿ ಇಟ್ಟು, ಪಕ್ಕದಲ್ಲೊಂದು ಟಾರ್ಚನ್ನೂ ಇಡುತ್ತಾರೆ.

ನಾನು ಬಾಯಿ ತೆರೆಯುತ್ತೇನೆ. ತಿನ್ನಲಿಕ್ಕಷ್ಟೇ.