ಲಿಂಗಪೂಜೆ, ನೀರಿನ ಗುಳಿಗೆ ಮತ್ತು ನನ್ನ ನಿದ್ದೆ

ನಿದ್ದೆಯ ಬಗ್ಗೆ ಮನುಷ್ಯ ಹೇಳುವುದನ್ನು ಪೂರ್ತಿ ನಂಬಬಾರದು. ನಿದ್ದೆ ಬಂದಾಗ ಅವನು ಅಲ್ಲಿರುವುದಿಲ್ಲ. ಬಾರದಿದ್ದಾಗ ತುಸು ಹೆಚ್ಚೇ ಇರುತ್ತಾನೆ. "ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ" ಎಂದು ನಾನು ಗೋಳಾಡಿದರೆ ಹೆಂಡತಿ ಗೌರಮ್ಮ, "ಹೌದೌದು, ಗೊರಕಿ ಹೊಡದಾತ ಬ್ಯಾರೆ ಯಾರೋ" ಎನ್ನುತ್ತಾಳೆ. ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲದ್ದರಿಂದ ವಾದಕ್ಕಿಳಿಯುವುದಿಲ್ಲ.

ಆದರೆ ಹೃದಯದ ಕಾಯಿಲೆಯಾಗಿ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ, ರಾತ್ರಿ ಮತ್ತೆ ಮತ್ತೆ ಬಚ್ಚಲಿಗೆ ಏಳುತ್ತಿದ್ದುದು ಮಾತ್ರ ನಿಜ. ಬಂದು ಮಲಗಿದರೆ ಎದೆ ಡವಡವ. ಹೃದಯ ಮತ್ತೆ ಸೋಲುತ್ತಿದೆ ಎಂದೇ ಹೆದರಿದೆ. ಮಧ್ಯಾಹ್ನದ ನಿದ್ದೆ ಬಿಟ್ಟೆ, ಸಂಜೆಯ ಚಹಾ ಬಿಟ್ಟೆ. ಹರಪನಹಳ್ಳಿಯಲ್ಲಿದ್ದುಕೊಂಡು ಮಂಡಕ್ಕಿ-ಮೆಣಸಿನಕಾಯಿಯನ್ನೂ ಬಿಟ್ಟೆ. ಇದಕ್ಕಿಂತ ದೊಡ್ಡ ಸನ್ಯಾಸ ಇಲ್ಲಿ ಯಾರೂ ತೆಗೆದುಕೊಂಡಿರಲಾರರು. ತಲೆದಿಂಬು ಎರಡು ಮಾಡಿಕೊಂಡೆ. ಆದರೂ ಏಳುವುದು ತಪ್ಪಲಿಲ್ಲ.

ಕೊನೆಗೆ, ಕೆಟ್ಟ ಸುದ್ದಿ ಕೇಳಲು ಮನಸ್ಸು ಗಟ್ಟಿಮಾಡಿಕೊಂಡು ದಾವಣಗೆರೆಯ ಡಾಕ್ಟರ ಮುಂದೆ ಕೂತೆ. ಅವರು ಎದೆ ಪರೀಕ್ಷಿಸಿ, "ನೀರಿನ ಗುಳಿಗಿ ಯಾವಾಗ ತಗಂತೀರಿ ಯಜಮಾನ್ರೆ? ಮೂತ್ರ ಹೋಗ್ಸೋದು?" ಎಂದರು.

"ನೀವು ಹೇಳಿದಂಗ, ಬೆಳಿಗ್ಗೆ."

"ಸುಳ್ಳು ಯಾಕ ಹೇಳ್ತೀರಿ? ರಾತ್ರಿ ಉಂಡಮ್ಯಾಲೆ ತಗಂತೀರಲ್ರೀ!" ಎಂದಳು ಗೌರಮ್ಮ.

ಆಗ ನೆನಪಾಯಿತು. ಲಿಂಗಪೂಜೆಯಾಗದೆ ನಾನು ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಪೇಪರು ಓದಿ, ಸ್ನಾನ ಮಾಡಿ, ಪೂಜೆ ಮುಗಿಸುವಷ್ಟರಲ್ಲಿ ಹನ್ನೊಂದು. ಅದನ್ನು ಬೆಳಿಗ್ಗೆ ಎನ್ನಲು ನನ್ನ ಓದು ಒಪ್ಪದೆ, ಯಾರನ್ನೂ ಕೇಳದೆ, ಗುಳಿಗೆಯನ್ನು ರಾತ್ರಿಗೆ ವರ್ಗಾಯಿಸಿದ್ದೆ.

ಡಾಕ್ಟರು ನಕ್ಕರು. "ಹಾರ್ಟ್ ಚಲೋ ಐತ್ರಿ. ಆ ಗುಳಿಗಿ ರಾತ್ರಿಯೆಲ್ಲ ಎಬ್ಬಿಸೈತಿ. ನಾಳಿಯಿಂದ ಬೆಳಿಗ್ಗೆ ತಗಳ್ರಿ. ಇನ್ಮ್ಯಾಲೆ ಏನು ಬದಲಿ ಮಾಡೋದಿದ್ರೂ ನನ್ನ ಕೇಳ್ರಿ."

ವಾಪಸು ಬರುವ ಬಸ್ಸಿನಲ್ಲಿ ಎಷ್ಟು ಹಗುರಾಗಿದ್ದೆನೆಂದರೆ ಕಿಟಕಿಯಾಚೆಯ ಮೆಕ್ಕೆಜೋಳವೆಲ್ಲ ನನಗೇ ತಲೆಯಾಡಿಸಿದಂತೆ ಕಂಡಿತು. ಈಗ ನಸುಕಿಗೆ ಏಳುತ್ತೇನೆ. ಪೂಜೆ, ಗುಳಿಗೆ ಎರಡೂ ಹೊತ್ತಿಗೆ ಸರಿಯಾಗಿ ಆಗುತ್ತವೆ. ರಾತ್ರಿ ಬಿದ್ದುಕೊಂಡರೆ ಕೊರಡು.

ಮೊನ್ನೆ ಪಕ್ಕದ ಮನೆಯ ಕೊಟ್ರಪ್ಪ ಕಟ್ಟೆಯ ಮೇಲೆ ಕೂತು, "ಜಡ್ಡಾದಮ್ಯಾಲೆ ಸಾರ್‌ಗೆ ಭಕ್ತಿ ಹೆಚ್ಚಾಗೈತಿ ಬಿಡಕ್ಕ. ಬೆಳಕು ಹರಿಯೋದ್ರಾಗ ಪೂಜಿ!" ಎಂದ.

ಗೌರಮ್ಮ ನನ್ನತ್ತ ನೋಡಿ, "ಹೇಳ್ರಿ, ನೀವ ಹೇಳ್ರಿ" ಎಂದಳು.

ನಿಜ ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ, ಬೇಗನೆ ಎದ್ದು ಪೂಜೆ ಮಾಡಬೇಕೆಂಬ ಹಂಬಲ ನನಗೆ ಎಷ್ಟೋ ವರ್ಷಗಳಿಂದ ಇತ್ತೆಂದು ನೆನಪಾಗತೊಡಗಿತು.