ಕಲ್ಕತ್ತೆಯ ಕ್ಲಬ್ಬೂ ಬೀಗರೂಟವೂ

ನಾನು ನೋಡದ ಊರುಗಳ ಬಗ್ಗೆ ನನಗಿರುವಷ್ಟು ತಿಳಿವಳಿಕೆ ಆ ಊರುಗಳಲ್ಲೇ ಹುಟ್ಟಿ ಬೆಳೆದವರಿಗೂ ಇರಲಿಕ್ಕಿಲ್ಲ. ಕಲ್ಕತ್ತೆಯನ್ನೇ ತೆಗೆದುಕೊಳ್ಳಿ. ಫುಟ್‌ಬಾಲ್ ಪಂದ್ಯವಿದ್ದ ದಿನ ಅಲ್ಲಿನ ಟ್ರಾಮು ಎಲ್ಲಿಂದ ಮುಂದಕ್ಕೆ ಹೋಗಲಾರದೆ ನಿಂತುಬಿಡುತ್ತದೆ, ಮಳೆ ಬಂದರೆ ಗ್ಯಾಲರಿಯ ಯಾವ ಮೂಲೆಯಲ್ಲಿ ನೆನೆಯದೆ ಕೂರಬಹುದು, ಆಟದ ನಡುವೆ ಮಾರಲು ಬರುವವನು ಕಡ್ಲೆಪುರಿಗೆ ಸಾಸಿವೆ ಎಣ್ಣೆ ಎಷ್ಟು ಹಾಕುತ್ತಾನೆ, ಇದನ್ನೆಲ್ಲ ನಾನು ಪಾಂಡವಪುರದ ನಾಲಾ ಕಚೇರಿಯ ಗುಮಾಸ್ತನ ಕುರ್ಚಿಯಲ್ಲಿ ಕುಳಿತೇ ಹೇಳಬಲ್ಲೆ. ಕೇಳಿದವರು ಬೆರಗಾಗಿ "ಎಷ್ಟು ಸಲ ಹೋಗಿದ್ದೀರಿ?" ಎಂದರೆ ಮಾತ್ರ ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡುತ್ತೇನೆ. ನನ್ನ ಕನ್ನಡಕ ಯಾವಾಗಲೂ ಶುಭ್ರವಾಗಿರುತ್ತದೆ.

ಈ ಹುಚ್ಚು ಹಿಡಿದದ್ದು ಮೈಸೂರಿನಲ್ಲಿ, ಕಾಲೇಜು ಓದುವಾಗ. ನಾನು ತಂಡದ ಎರಡನೆಯ ಗೋಲ್‌ಕೀಪರಾಗಿದ್ದೆ. ಮೊದಲನೆಯವನು ಗಟ್ಟಿ ಆಸಾಮಿ, ಎರಡು ವರ್ಷದಲ್ಲಿ ಒಂದು ದಿನವೂ ಅವನಿಗೆ ಜ್ವರ ಬರಲಿಲ್ಲ. ನಾನು ಬೆಂಚಿನ ಮೇಲೆ ಕುಳಿತು ಹನ್ನೊಂದು ಜನರ ಅಂಗಿ, ವಾಚು ಕಾಯ್ದುಕೊಂಡಿದ್ದೆ. ಆಮೇಲೆ ಕೆಲಸ, ಮದುವೆ. ಮದುವೆಯಾದ ಮೇಲೆ ಗೊತ್ತಾಯಿತು, ಹೆಂಡತಿ ಸರೋಜಳ ಅಣ್ಣ ಕಲ್ಕತ್ತೆಯಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾರೆ, ಸಂಜೆ ಐದಾದರೆ ಫುಟ್‌ಬಾಲ್ ಮೈದಾನದಲ್ಲಿರುತ್ತಾರೆ ಎಂದು. ಜಾತಕದಲ್ಲಿ ಕಾಣದ ಈ ಯೋಗಕ್ಕೆ ನಾನು ಹಿಗ್ಗಿದ್ದು ಅಷ್ಟಿಷ್ಟಲ್ಲ. ಭಾವ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ತಂಗಿಗೆ ಸೀರೆ ಹಿಡಿದು, ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕುಳಿತು ಬರುತ್ತಿದ್ದರು. ಅವರು ಬಂದಾಗ ಸರೋಜ ಅಡುಗೆಮನೆಯಿಂದ ತವರಿನ ಸುದ್ದಿ ಕೇಳಿದರೆ ನಾನು ನಡುಮನೆಯಿಂದ ಕ್ಲಬ್ಬಿನ ಸುದ್ದಿ ಕೇಳುತ್ತಿದ್ದೆ. ಪಾಪ, ಆ ಮನುಷ್ಯ ಒಬ್ಬಟ್ಟು ಬಾಯಲ್ಲಿಟ್ಟುಕೊಂಡು ಎರಡು ಕಡೆಗೂ ಉತ್ತರ ಹೇಳುತ್ತಿದ್ದರು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ಏಷ್ಯಾದ ಬೇರೆಬೇರೆ ದೇಶಗಳಲ್ಲಿ ಗೆದ್ದ ಕ್ಲಬ್ಬುಗಳೆಲ್ಲ ಸೇರಿ ಆಡುವ ಪಂದ್ಯಾವಳಿಗಳಿದ್ದವು. ನಮ್ಮ ದೇಶದಿಂದಲೂ ಒಂದೆರಡು ಕ್ಲಬ್ಬು ಹೋಗುತ್ತಿದ್ದವು, ಹೋದ ದಾರಿಯಲ್ಲೇ ಬೇಗ ಬರುತ್ತಿದ್ದವು. ಪತ್ರಿಕೆಯಲ್ಲಿ ಆ ಸುದ್ದಿ ಎಲ್ಲಿರುತ್ತದೆಂದು ಪಾಂಡವಪುರದಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಕ್ರಿಕೆಟ್ಟಿನ ಕೆಳಗೆ, ಚದುರಂಗದ ಪಕ್ಕ, ಎರಡೇ ಸಾಲು. ಆ ಎರಡು ಸಾಲಿಗಾಗಿ ನಾನು ಬೆಳಿಗ್ಗೆ ಮೈಸೂರಿನ ಮೊದಲ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದೆ. ನಮ್ಮದೊಂದು ಕ್ಲಬ್ಬು ಒಂದು ಸಲ, ಒಂದೇ ಒಂದು ಸಲ, ಹೊರದೇಶದ ಮೈದಾನದಲ್ಲಿ ನಿಂತು ಗೆದ್ದು ಮುಂದಿನ ಸುತ್ತಿಗೆ ಹೋದದ್ದನ್ನು ಓದಬೇಕು ಎಂಬ ಆಸೆ ನನ್ನ ಎದೆಯಲ್ಲಿ ಎಷ್ಟು ಬಲವಾಗಿತ್ತೆಂದರೆ, ಬಡ್ತಿಯ ಆಸೆ ಅದರ ಪಕ್ಕ ಕೂರಲು ಜಾಗ ಸಿಗದೆ ಎದ್ದುಹೋಗಿತ್ತು.

ಆ ವರ್ಷ ಭಾವನಿಂದ ಕಾಗದ ಬಂತು. ಕಲ್ಕತ್ತೆಯ ಕ್ಲಬ್ಬಿಗೂ ಕೊಲ್ಲಿ ದೇಶದ ಒಂದು ಕ್ಲಬ್ಬಿಗೂ ಪಂದ್ಯ, ಮೊದಲ ಆಟ ಇಲ್ಲೇ, ಎರಡು ಟಿಕೆಟ್ಟು ತೆಗೆದಿಟ್ಟಿದ್ದೇನೆ, ಸರೋಜಳನ್ನು ಕರೆದುಕೊಂಡು ಹೊರಟು ಬಾ ಎಂದು. ಸರೋಜ ಆವತ್ತೇ ಚಕ್ಕುಲಿಗೆ ಅಕ್ಕಿ ತೊಳೆದು ಹಾಕಿದಳು. ನಾನು ರಜೆ ಅರ್ಜಿಯನ್ನೂ ಬರೆದೆ. ಬರೆದು ಮೇಜಿನ ಡ್ರಾಯರಿನಲ್ಲಿಟ್ಟೆ. ಆಮೇಲೆ ನಾಲೆಗೆ ನೀರು ಬಿಡುವ ಕಾಲ ಬಂತು, ಸಾಹೇಬರು ಹೊಸಬರು, ನನ್ನ ಸೊಂಟ ಹಿಡಿದುಕೊಂಡಿತು. ಹಿಂದಿನ ವರ್ಷಗಳಲ್ಲೂ ಇವೇ ಮೂರು ಕಾರಣ ಸರದಿಯ ಮೇಲೆ ಬಂದಿದ್ದವು. ನಿಜ ಹೇಳಿಬಿಡುತ್ತೇನೆ, ನನಗೆ ಭಯ. ಮದ್ರಾಸಿನಲ್ಲಿ ಇಳಿದು ಬೇರೆ ರೈಲು ಹತ್ತಬೇಕಲ್ಲ, ಆ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡ ಮೈದಾನ, ಕಣ್ಣಾರೆ ನೋಡಿದರೆ ಚಿಕ್ಕದಾಗಿಬಿಟ್ಟರೆ? ಚಕ್ಕುಲಿಯನ್ನು ನಾವೇ ತಿಂದೆವು. ಸರೋಜ ಡಬ್ಬದ ಮುಚ್ಚಳವನ್ನು ಸ್ವಲ್ಪ ಜೋರಾಗಿ ಹಾಕಿದಳು.

ಪಂದ್ಯದ ಮರುದಿನ ಬೆಳಿಗ್ಗೆ ರೇಡಿಯೋದ ಇಂಗ್ಲಿಷ್ ವಾರ್ತೆಯ ಕೊನೆಯಲ್ಲಿ ಸುದ್ದಿ ಬಂತು. ಎರಡು ಒಂದು. ಗೆದ್ದದ್ದು ನಮ್ಮವರು. ಹಲ್ಲುಜ್ಜುತ್ತಿದ್ದವನು ಪೇಸ್ಟನ್ನು ನುಂಗಿದೆ. ಕಚೇರಿಗೆ ಮೈಸೂರು ಪಾಕಿನ ಪೊಟ್ಟಣ ಹಿಡಿದು ಹೋದೆ. ಎಲ್ಲರೂ ತಿಂದರು, ಯಾರೂ ಕಾರಣ ಕೇಳಲಿಲ್ಲ. ನಮ್ಮ ಕಚೇರಿಯಲ್ಲಿ ಸಿಹಿಗೆ ಕಾರಣ ಕೇಳುವ ಪದ್ಧತಿಯಿಲ್ಲ. ಕೇಳಿದವನು ನೀರುಗಂಟಿ ಜವರಪ್ಪ ಒಬ್ಬನೇ. ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವನು ಅವನು. ಸರದಿ ತಪ್ಪಿಸಿದವರು ಎಷ್ಟೇ ದೊಡ್ಡವರಾಗಿರಲಿ ಬದುವಿನ ಮೇಲೆ ನಿಂತು ಬೈಯುತ್ತಿದ್ದ.

"ಏನ್ ಸಾ, ಮನೇಲಿ ಏನಾರ ವಿಸೇಸ್ವಾ?" ಎಂದ. ಹೇಳಿದೆ. "ಗೆದ್ದಾಯ್ತಲ್ಲ, ಇನ್ಯಾಕ್ ಇಂಗೆ ಚಡಪಡಿಸ್ತಿದ್ದೀರಿ?"

"ಇಲ್ಲ ಜವರಪ್ಪ, ಇನ್ನೊಂದು ಆಟ ಅವರ ಊರಲ್ಲಿ ಆಡಬೇಕು. ಎರಡೂ ಸೇರಿಸಿ ಯಾರು ಹೆಚ್ಚೋ ಅವರು ಮುಂದಕ್ಕೆ ಹೋಗ್ತಾರೆ."

ಇದನ್ನು ನಾನು ಪದವೀಧರರಿಗೆ ವಿವರಿಸಿ ಸೋತಿದ್ದೆ. ಜವರಪ್ಪ ಮೈಸೂರು ಪಾಕನ್ನು ಕೆನ್ನೆಗೆ ಸರಿಸಿಕೊಂಡು ಅರ್ಧ ನಿಮಿಷ ಯೋಚಿಸಿದ. "ಸರಿ ಬುಡಿ, ಅರ್ಥಾಯ್ತು. ಮದ್ವೆ ನಮ್ಮನೇಲಿ, ಬೀಗ್ರೂಟ ಅವ್ರ ಮನೇಲಿ."

ನಮ್ಮ ಕಡೆ ಮದುವೆ ಮುಗಿದರೆ ಸಂಬಂಧ ಮುಗಿದಂತಲ್ಲ. ಒಂದು ಮನೆಯವರು ಮದುವೆ ಮಾಡಿದರೆ ಇನ್ನೊಂದು ಮನೆಯವರು ಕುರಿ ಕಡಿದು ಬೀಗರನ್ನು ಕೂರಿಸಿ ಬಡಿಸಬೇಕು. ಬೀಗರು ಹೋಗಿ ಎಲೆ ಮುಂದೆ ಕೂರಬೇಕು. ಅಲ್ಲಿಗೆ ಲೆಕ್ಕ ಚುಕ್ತಾ. ಏಷ್ಯಾ ಖಂಡದ ಫುಟ್‌ಬಾಲನ್ನು ಇಷ್ಟು ಸಲೀಸಾಗಿ ಯಾರೂ ಹೇಳಿರಲಾರರು. ಸಮವಾದರೆ ಹೊರಗಿನವರ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚು ಎಂದೂ ಹೇಳಿದೆ. "ಮತ್ತೆ? ಬೀಗ್ರ ಮನೇಲಿ ಉಂಡ ಒಂದ್ ಮುದ್ದೆ ನಮ್ಮನೇಲಿ ಎರಡು ಮುದ್ದೆ ಉಂಡಂಗೆ. ನಾಚ್ಕೆ ಬುಟ್ಟು ಉಣ್ಬೇಕಲ್ಲ" ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಇಷ್ಟು ವರ್ಷದಲ್ಲಿ ನನ್ನ ಹುಚ್ಚಿಗೆ ಪಾಂಡವಪುರದಲ್ಲಿ ಮೊದಲ ಜೊತೆಗಾರ ಸಿಕ್ಕಿದ್ದ.

ಆವತ್ತಿನಿಂದ ಜವರಪ್ಪ ದಿನಾ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಬಸ್ ಸ್ಟ್ಯಾಂಡಿಗೆ ಬರತೊಡಗಿದ. "ಬೀಗ್ರೂಟ ಆಯ್ತಾ ಸಾ?" "ಇನ್ನೂ ಇಲ್ಲ." ನಾಲೆ ಏರಿಯ ಮೇಲಿನ ರೈತರೂ ಕೇಳತೊಡಗಿದರು. ಮೇಲುಕೋಟೆ ಕಡೆಯಿಂದ ಅರ್ಜಿ ಹಿಡಿದು ಬಂದವರೊಬ್ಬರು ತಮ್ಮ ಕೆಲಸ ಮರೆತು, "ನಮ್ಮೋರು ಅಲ್ಲಿ ಗೆಲ್ತಾರಾ?" ಎಂದರು. ನಮ್ಮೋರು ಎಂದದ್ದು ಕೇಳಿ ಅವರ ಅರ್ಜಿಯನ್ನು ಎಲ್ಲಕ್ಕಿಂತ ಮೇಲಿಟ್ಟೆ. ಎರಡನೆಯ ಆಟದ ದಿನ ಬಂತು, ಹೋಯಿತು. ಮರುದಿನ ಪತ್ರಿಕೆಯಲ್ಲಿ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ರೇಡಿಯೋ ಟೆನಿಸ್ಸಿನ ಸುದ್ದಿ ಹೇಳಿತು. ನಾನು ಊಟದಲ್ಲಿ ಕೈಯಾಡಿಸಿ ಏಳುತ್ತಿದ್ದೆ. ಮನಸ್ಸಿನಲ್ಲಿ ಒಂದು ಒಂದು, ಸೊನ್ನೆ ಸೊನ್ನೆ, ಸೋತರೂ ಎರಡು ಮೂರು ಎಂದು ನಾವು ಮುಂದೆ ಹೋಗುವ ಎಲ್ಲ ಲೆಕ್ಕಗಳನ್ನೂ ಹಾಕಿಟ್ಟಿದ್ದೆ.

ನಾಲ್ಕನೆಯ ದಿನ ಎರಡು ಸಾಲು ಬಂತು. ಸ್ಥಳೀಯ ಲೀಗ್ ಪಂದ್ಯಗಳಿರುವುದರಿಂದಲೂ ಕೆಲವು ಆಟಗಾರರು ಗಾಯಗೊಂಡಿರುವುದರಿಂದಲೂ ಕಲ್ಕತ್ತೆಯ ಕ್ಲಬ್ಬು ಎರಡನೆಯ ಪಂದ್ಯಕ್ಕೆ ತೆರಳಲಿಲ್ಲ, ಪಂದ್ಯಾವಳಿಯಿಂದ ಹಿಂದೆ ಸರಿದಿದೆ.

ಜವರಪ್ಪನಿಗೆ ಓದಿ ಹೇಳಿದೆ. ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. "ಓಗ್ಲೇ ಇಲ್ವಾ?"

"ಹೋಗಲೇ ಇಲ್ಲ."

"ಸೋತ್ರೆ ಸೋಲ್ಲಿ ಸಾ, ಅದು ಬೇರೆ. ಅಲ್ಲಿ ಅವ್ರು ಅಡ್ಗೆ ಮಾಡ್ಸಿ, ಎಲೆ ಆಕಿ, ಬಾಗ್ಲು ನೋಡ್ತಾ ಕುಂತಿರ್ತಾರಲ್ಲ. ಅಂತೋರ ಮನೆಗೆ ಓಗ್ದೆ ಇದ್ರೆ ಅದೆಂತ ಮನುಸತ್ವ?" ಎಂದು ಹೇಳಿ ಸೈಕಲ್ ಹತ್ತಿ ಹೋದ. ಮತ್ತೆ ಯಾವತ್ತೂ ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಸಂಜೆ ಮನೆಗೆ ಬಂದವನೇ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆಯಲು ಕುಳಿತೆ. ಜವರಪ್ಪನ ಮಾತನ್ನೇ ಸ್ವಲ್ಪ ಇಸ್ತ್ರಿ ಮಾಡಿ ಹಾಕಿದೆ. ಕರೆದವರು ದಾರಿ ಕಾಯುತ್ತಿರುವಾಗ ಸಣ್ಣಪುಟ್ಟ ನೆಪ ಹೇಳಿ ಮನೆಯಲ್ಲೇ ಕೂರುವವರಿಗೆ ಆಟವನ್ನು ಪ್ರೀತಿಸುತ್ತೇವೆ ಎನ್ನುವ ಹಕ್ಕಿಲ್ಲ, ಇತ್ಯಾದಿ. ಮೂರು ಪುಟವಾಯಿತು. ಚೆನ್ನಾಗಿ ಬಂದಿದೆ ಎನ್ನಿಸಿ ಸರೋಜಳನ್ನು ಕರೆದು ಕೂರಿಸಿ ಗಟ್ಟಿಯಾಗಿ ಓದಿದೆ. ಅವಳು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದಳು.

"ಚೆಂದಾಗ್ ಬರ್ದಿದ್ದೀರಿ" ಎಂದಳು. "ನಮ್ಮಣ್ಣ ಒಂಬತ್ತು ವರ್ಸದಿಂದ ನಮ್ಮನೆಗೆ ಬತ್ತಾವ್ನೆ. ನಾವು ಒಂದ್ಸಲನಾರ ಅವ್ನ ಮನೆ ವಸ್ಲು ತುಳಿದಿದ್ದೀವಾ? ನಮ್ಮತ್ಗೆ ಪ್ರತಿ ಸಲ ಏನಡ್ಗೆ ಮಾಡ್ಲಿ ಅಂತ ಕೇಳಿ ಕಾಗ್ದ ಬರೀತಾರೆ. ಇದನ್ನ ಪೇಪರ್ನೋರ್ಗೆ ಕಳ್ಸಿ, ಬ್ಯಾಡ ಅನ್ನಕಿಲ್ಲ. ಒಂದ್ ನಕಲು ನಮ್ಮನೆ ಅಡ್ರೆಸ್ಗೂ ಆಕಿ."

ಅಷ್ಟು ಹೇಳಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಕನ್ನಡಕ ತೆಗೆದೆ, ಒರೆಸಲಿಲ್ಲ. ಅಣ್ಣನ ಮನೆ ನೋಡಬೇಕೆಂಬ ಅವಳ ಆಸೆ ಒಂಬತ್ತು ವರ್ಷದಿಂದ ಈ ಮನೆಯಲ್ಲೇ, ನನ್ನ ರೇಡಿಯೋದ ಪಕ್ಕದಲ್ಲೇ ಇತ್ತು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮೂರು ಪುಟವನ್ನೂ ಹರಿದು ಒಲೆಗೆ ಹಾಕಿ, ಭಾವನಿಗೆ ಒಂದು ಕಾರ್ಡು ಬರೆದೆ. ಮುಂದಿನ ತಿಂಗಳು ಖಂಡಿತ ಹೊರಡುತ್ತೇವೆ ಎಂದು. ಅಂಚೆ ಡಬ್ಬಕ್ಕೆ ಹಾಕಲು ಚಪ್ಪಲಿ ಮೆಟ್ಟುತ್ತಿದ್ದಾಗ ಸರೋಜ ಬಂದು ಕೈಯಿಂದ ತೆಗೆದುಕೊಂಡು ತಾನೇ ಹೋಗಿ ಹಾಕಿ ಬಂದಳು.

ಹದಿನೈದು ದಿನಕ್ಕೆ ಉತ್ತರ ಬಂತು. ಭಾವನಿಗೆ ರಾಜಸ್ಥಾನಕ್ಕೆ ವರ್ಗವಾಗಿತ್ತು. "ಇಲ್ಲಿ ಮೈದಾನವೇನೋ ಬೇಕಾದಷ್ಟಿದೆ, ಬರೀ ಮರಳು, ಚೆಂಡಿಲ್ಲ. ಆದರೂ ಬನ್ನಿ, ನಿಮ್ಮತ್ತಿಗೆ ಕಾಯುತ್ತಿದ್ದಾಳೆ" ಎಂದು ಬರೆದಿದ್ದರು. ಮಳೆಯಲ್ಲಿ ನೆನೆಯದ ಆ ಗ್ಯಾಲರಿಯ ಮೂಲೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಈಗಲೂ ಒಮ್ಮೊಮ್ಮೆ ಮಳೆ ಬಂದ ಸಂಜೆ, ನನಗಾಗಿ ತೆಗೆದಿಟ್ಟ ಆ ಖಾಲಿ ಜಾಗದ ನೆನಪಾಗುತ್ತದೆ.

ಆಮೇಲೆ ನಾವಿಬ್ಬರೂ ರಾಜಸ್ಥಾನಕ್ಕೆ ಹೋಗಿ ಬಂದೆವು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಸರೋಜ ಹೋಗಿ ಬಂದಳು, ತವರಿನಲ್ಲಿದ್ದ ತನ್ನ ತಮ್ಮನನ್ನು ಜೊತೆಗೆ ಕರೆದುಕೊಂಡು. ನನ್ನ ರಜೆ ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ. ನಾಲೆಗೆ ನೀರು ಬಿಡುವ ಕಾಲ ನೋಡಿ, ಸಾಹೇಬರು ಬೇರೆ ಹೊಸಬರು. ಆದರೆ ಆ ಕ್ಲಬ್ಬಿನವರನ್ನು ಬೈಯುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೇನೆ.